ಗ್ಲಾನಸೇವೆ ಮತ್ತು ವ್ರತ: ತೀವ್ರ ನಿಗಾ ಘಟಕದಲ್ಲಿ ಆಹಾರದ ವಿಚಾರ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆಯೆಂಬುದನ್ನು ಶ್ರಾವಕರ ಮನೆಯ ಮಕ್ಕಳೂ ಬಲ್ಲರು. ಇವುಗಳಲ್ಲಿ ಆಹಾರವನ್ನು ಅಡುಗೆಮನೆಗೂ ಔಷಧವನ್ನು ವೈದ್ಯನಿಗೂ ಒಪ್ಪಿಸಿ, ಎರಡೂ ಬೇರೆ ಬೇರೆಯೆಂದು ಎಣಿಸುವುದು ಲೋಕರೂಢಿ. ಆದರೆ ರೋಗವು ಅತ್ಯಂತ ತೀವ್ರವಾದಾಗ ಈ ಎರಡು ದಾನಗಳ ನಡುವಣ ಗೆರೆ ಅಳಿಸಿಹೋಗುತ್ತದೆ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿದವರಿಗೆ ಆಹಾರವನ್ನೇ ಔಷಧದಂತೆ ಅಳೆದು, ಗಂಟೆಗೆ ಇಷ್ಟೆಂದು ಚೀಟಿಯಲ್ಲಿ ಬರೆದು ಕೊಡಲಾಗುತ್ತದೆ. ಅಲ್ಲಿ ಕೈತುತ್ತಿಲ್ಲ, ಎಲೆಯಿಲ್ಲ. ಸೂರ್ಯೋದಯ ಸೂರ್ಯಾಸ್ತಗಳ ಭೇದವೂ ಇಲ್ಲ. ವ್ರತಸ್ಥರಾದ ಹಿರಿಯರಿರುವ ಮನೆಗಳಲ್ಲಿ ಇದರಿಂದ ಹುಟ್ಟುವ ಸಂಕಟ ಸಣ್ಣದಲ್ಲ.

ದೃಷ್ಟಾಂತಕ್ಕಾಗಿ ಬೆಳಗಾವಿ ಸೀಮೆಯ ಒಂದು ಶ್ರಾವಕ ಕುಟುಂಬವನ್ನು ಎಣಿಸಿಕೊಳ್ಳಬಹುದು. ಮನೆಯ ತಾಯಿ ಎಪ್ಪತ್ತು ದಾಟಿದವಳು. ರಾತ್ರಿಭೋಜನತ್ಯಾಗ, ಕಂದಮೂಲತ್ಯಾಗ, ಅಷ್ಟಮಿ ಚತುರ್ದಶಿಗಳಲ್ಲಿ ಏಕಭುಕ್ತ, ಇವು ಆಕೆಯ ನಿಯಮಗಳು. ನ್ಯುಮೋನಿಯಾ ಎರಡೂ ಶ್ವಾಸಕೋಶಗಳನ್ನು ಹಿಡಿದುದರಿಂದ ಆಕೆಯನ್ನು ಐ.ಸಿ.ಯು.ವಿಗೆ ಸೇರಿಸಿ, ಗಂಟಲಿನಲ್ಲಿ ಕೊಳವೆಯಿರಿಸಿ, ವೆಂಟಿಲೇಟರಿನಿಂದ ಉಸಿರಾಡಿಸಲಾಗುತ್ತಿದೆ. ನಿದ್ರೆಯ ಔಷಧದಿಂದಾಗಿ ಪ್ರಜ್ಞೆಯಿಲ್ಲ. ಎರಡನೆಯ ದಿನ ಮೂಗಿನ ಮೂಲಕ ಜಠರಕ್ಕೆ ತೆಳ್ಳಗಿನ ನಳಿಗೆಯೊಂದನ್ನು ಇಳಿಸಿ, ಪಂಪಿನಿಂದ ಹನಿಹನಿಯಾಗಿ ದ್ರವಾಹಾರವನ್ನು ಹರಿಸತೊಡಗಿದರು. ಸಂಜೆಯಾಯಿತು. ಬಾಗಿಲಲ್ಲಿ ಕುಳಿತಿದ್ದ ಮಗಳು ವೈದ್ಯರನ್ನು ತಡೆದು ನಿಲ್ಲಿಸಿ ಕೇಳಿಕೊಂಡಳು:

"ಡಾಕ್ಟರ್ ಸಾಹೇಬ್ರ, ಹೊತ್ತು ಮುಳುಗಿದ ಮ್ಯಾಲೆ ನಮ್ಮವ್ವಗ ಏನೂ ಹಾಕಬ್ಯಾಡ್ರಿ. ನಲವತ್ತು ವರ್ಷ ಆತ್ರಿ, ಆಕಿ ರಾತ್ರಿ ನೀರೂ ಮುಟ್ಟಿಲ್ಲ."

ಹಿರಿಯ ಮಗನು ನಡುವೆ ಬಂದು, "ಹಾಕ್ರಿ ಸಾಹೇಬ್ರ, ಇನ್ನೂ ಜಾಸ್ತಿ ಹಾಕ್ರಿ. ಅವ್ವ ಭಾಳ ಸೊರಗ್ಯಾಳ" ಎಂದನು. ಮೂಲೆಯಲ್ಲಿ ಕುಳಿತಿದ್ದ ಕಾಕಾ ಮೆಲ್ಲನೆ, "ಯಾಕ ಇದೆಲ್ಲಾ? ನಳಿಗಿ ತಗಸ್ರಿ. ಸಲ್ಲೇಖನ ಅಂತ ತಿಳಕೊಳ್ಳೂಣು" ಎಂದರು.

ಮೂವರೂ ಆಕೆಯನ್ನು ಪ್ರೀತಿಸುವವರೇ. ಮೂವರ ಮಾತಿನಲ್ಲಿಯೂ ಧರ್ಮದ ಹೆಸರೋ ಮಮತೆಯ ಹೆಸರೋ ಇದೆ. ಆದರೂ ಮೂರೂ ಮಾತುಗಳನ್ನು ಹಾಗೆಯೇ ಒಪ್ಪಲಾಗದು. ಏಕೆಂದು ತಿಳಿಯಲು ಮೊದಲು ಆ ನಳಿಗೆಯ ಕೆಲಸವೇನೆಂಬುದನ್ನು ಅರಿಯಬೇಕು.

ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ೧೯೨೧ರಲ್ಲಿ ಜಠರರಸವನ್ನು ಹೊರತೆಗೆದು ಪರೀಕ್ಷಿಸುವುದಕ್ಕೆಂದು ರೂಪಿಸಿದ ನಳಿಗೆಯಿದು. ಹೊರತೆಗೆಯಲು ಹುಟ್ಟಿದ್ದು ಈಗ ಒಳಗೆ ಹಾಕಲು ಹೆಚ್ಚಾಗಿ ಬಳಕೆಯಾಗುತ್ತಿದೆ. ತುದಿಯು ಜಠರದಲ್ಲಿಯೇ ಇದೆ, ಶ್ವಾಸನಾಳಕ್ಕೆ ಹೋಗಿಲ್ಲ ಎಂಬುದನ್ನು ಎಕ್ಸ್-ರೇಯಿಂದ ಖಚಿತಪಡಿಸಿಕೊಂಡ ಮೇಲೆಯೇ ಆಹಾರ ಹರಿಸುತ್ತಾರೆ. ಒಳಗಿನದು ಮೇಲಕ್ಕೆ ಬಂದು ಶ್ವಾಸಕೋಶವನ್ನು ಸೇರದಂತೆ ಹಾಸಿಗೆಯ ತಲೆಭಾಗವನ್ನು ೩೦ರಿಂದ ೪೫ ಡಿಗ್ರಿ ಎತ್ತರಿಸಿರುತ್ತಾರೆ. ಭೇಟಿಗೆ ಹೋದ ಬಂಧುಗಳು ತಾಯಿಗೆ ಸುಖವಾಗಲೆಂದು ಹಾಸಿಗೆಯನ್ನು ಸಮನಾಗಿ ಇಳಿಸಲು ಹೇಳುವುದುಂಟು; ಹಾಗೆ ಮಾಡಬಾರದು.

ಈಗ ಉಪವಾಸ ಬಲ್ಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ದಶಲಕ್ಷಣ ಪರ್ವದಲ್ಲಿ ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಕೇವಲ ಕಾಯಿಸಿದ ನೀರಿನಿಂದ ಹತ್ತು ದಿನ ಕಳೆದವರಿದ್ದಾರೆ. ಅವರಿಗೆ ಏನೂ ಆಗದಿರುವಾಗ, ಮಲಗಿಯೇ ಇರುವ ರೋಗಿಗೆ ಎರಡು ದಿನ ಆಹಾರವಿಲ್ಲದಿದ್ದರೆ ಏನು ನಷ್ಟ? ಈ ಪ್ರಶ್ನೆಗೆ ಉತ್ತರವು ದೇಹದ ವರ್ತನೆಯಲ್ಲಿದೆ. ಆರೋಗ್ಯವಂತನು ಉಪವಾಸ ಮಾಡಿದಾಗ ದೇಹವು ಮೊದಲು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಳಸುತ್ತದೆ. ಒಂದೆರಡು ದಿನಗಳಲ್ಲಿ ಕೊಬ್ಬಿನತ್ತ ತಿರುಗುತ್ತದೆ. ಮಾಂಸಖಂಡವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಖರ್ಚನ್ನೂ ತಗ್ಗಿಸುತ್ತದೆ. ಜಾಣ ಗೃಹಿಣಿಯು ಬರಗಾಲದಲ್ಲಿ ಮನೆ ನಡೆಸಿದಂತೆ ಅದು. ತೀವ್ರ ಸೋಂಕು, ದೊಡ್ಡ ಗಾಯ, ಸುಟ್ಟಗಾಯ ಇವುಗಳಲ್ಲಿ ದೇಹಕ್ಕೆ ಈ ಜಾಣ್ಮೆ ಉಳಿಯುವುದಿಲ್ಲ. ಉರಿಯೂತದ ಒತ್ತಡದಿಂದ ಅದು ತನ್ನ ಸ್ನಾಯುಗಳನ್ನೇ ಕರಗಿಸಿ ಉರಿಸತೊಡಗುತ್ತದೆ. ಲಂಡನ್ನಿನಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ರೋಗಿಗಳ ತೊಡೆಯ ಸ್ನಾಯುವಿನ ಗಾತ್ರವು ಹತ್ತೇ ದಿನಗಳಲ್ಲಿ ಸರಾಸರಿ ಶೇ. ೧೭ಕ್ಕಿಂತ ಹೆಚ್ಚು ಕುಗ್ಗಿದುದು ಕಂಡುಬಂದಿತು. ಉಸಿರಾಟವೂ ಸ್ನಾಯುಗಳಿಂದಲೇ ನಡೆಯಬೇಕು. ಅವು ಕ್ಷೀಣಿಸಿದರೆ ವೆಂಟಿಲೇಟರಿನಿಂದ ಬಿಡುಗಡೆ ತಡವಾಗುತ್ತದೆ. ಆಹಾರ ಕೊಟ್ಟ ಮಾತ್ರಕ್ಕೆ ಈ ಕ್ಷಯವು ಪೂರ್ತಿ ನಿಲ್ಲುವುದಿಲ್ಲವೆಂಬುದೂ ನಿಜ. ಆದರೆ ಕರುಳಿಗೆ ಸ್ವಲ್ಪವಾದರೂ ಆಹಾರ ತಗಲಿದರೆ ಅದರ ಒಳಪದರ ಕೆಡದೆ ಉಳಿಯುತ್ತದೆ. ಆದುದರಿಂದಲೇ, ರಕ್ತದೊತ್ತಡ ಹತೋಟಿಗೆ ಬಾರದಿರುವುದು, ಕರುಳು ಕಟ್ಟಿರುವುದು, ರಕ್ತಸ್ರಾವ ಮುಂತಾದ ಅಡ್ಡಿಗಳಿಲ್ಲದಿದ್ದರೆ ಮೊದಲ ೨೪ರಿಂದ ೪೮ ಗಂಟೆಗಳೊಳಗೆ ನಳಿಗೆಯ ಆಹಾರವನ್ನು ಆರಂಭಿಸಬೇಕೆಂದು ವೈದ್ಯಶಾಸ್ತ್ರದ ನಿರ್ದೇಶ.

ಉಪವಾಸಿಯ ಹಸಿವು ಮತ್ತು ರೋಗಿಯ ಕ್ಷಯ ಎರಡೂ ಒಂದೇ ಅಲ್ಲವೆಂದು ಇದರಿಂದ ತಿಳಿಯಬೇಕು. ಮೊದಲನೆಯದನ್ನು ಆತ್ಮನು ಅರಿತು ವಹಿಸಿಕೊಳ್ಳುತ್ತಾನೆ. ಎರಡನೆಯದು ಅಸಾತಾವೇದನೀಯದ ಉದಯದಿಂದ ಬಂದೆರಗಿದ ಉಪದ್ರವ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ವಿಶೇಷಣವನ್ನು ಸೇರಿಸಿರುವುದನ್ನು ನೋಂಪಿ ಹಿಡಿದವರೆಲ್ಲರೂ ಬಲ್ಲರು. ಶಕ್ತಿಯನ್ನು ಬಚ್ಚಿಡದೆಯೂ ಮೀರದೆಯೂ ಮಾಡಬೇಕೆಂಬುದೇ ಅದರ ತಾತ್ಪರ್ಯ.

ಇನ್ನು ಮಗಳ ಸಂಕಟ. ರಾತ್ರಿಯಲ್ಲಿ ನಳಿಗೆಯಿಂದ ಹರಿದ ಆಹಾರದಿಂದ ತಾಯಿಯ ವ್ರತ ಮುರಿಯಿತೇ? ಕೆಲವರು ಇದಕ್ಕೆ ಚಮತ್ಕಾರದ ಸಮಾಧಾನ ಹೇಳುವುದುಂಟು. ಶಾಸ್ತ್ರದಲ್ಲಿ ನೋಕರ್ಮ, ಕರ್ಮ, ಕವಲ, ಲೇಪ, ಓಜ, ಮಾನಸ ಎಂದು ಆಹಾರವು ಆರು ವಿಧ; ಮನುಷ್ಯರದು ಕವಲಾಹಾರ, ಅಂದರೆ ತುತ್ತಿನ ಆಹಾರ; ನಳಿಗೆಯಲ್ಲಿ ತುತ್ತಿಲ್ಲವಾದುದರಿಂದ ಅದು ಆಹಾರವೇ ಅಲ್ಲ, ವ್ರತಭಂಗವೂ ಇಲ್ಲ ಎಂದು. ಇದು ವಕೀಲರ ವಾದದಂತಿದೆ. ಹಾಲು, ಬೇಳೆಕಟ್ಟು, ಗಂಜಿಗಳು ಮೂಗಿನಿಂದ ಹೋದರೂ ಹೊಟ್ಟೆಯನ್ನೇ ಸೇರುತ್ತವೆ. ಅದನ್ನು ಆಹಾರವಲ್ಲವೆನ್ನುವುದು ಮಾತಿನ ಜಾಣತನ. ನಿಜವಾದ ಸಮಾಧಾನವು ಬೇರೆಡೆಯಲ್ಲಿದೆ. ವ್ರತದ ಸ್ಖಲನವನ್ನು ಆಚಾರ್ಯರು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದ್ದಾರೆ: ಮನಶ್ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ಪ್ರವರ್ತಿಸುವುದು ಅತಿಚಾರ, ಅದರಲ್ಲಿಯೇ ಆಸಕ್ತನಾಗುವುದು ಅನಾಚಾರ. ಮೊದಲ ಮೆಟ್ಟಿಲೇ ಮನಸ್ಸಿನಲ್ಲಿದೆ. ಪ್ರಜ್ಞೆಯಿಲ್ಲದೆ ಮಲಗಿರುವ ಆ ತಾಯಿಯು ಆ ಮೆಟ್ಟಿಲಿಗೆ ಕಾಲಿಟ್ಟಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ತತ್ತ್ವಾರ್ಥಸೂತ್ರಕಾರರು ಪ್ರಮತ್ತಯೋಗವನ್ನೇ ಮುಂದಿಟ್ಟಿರುವರು. ಆಕೆಯ ವ್ರತ ಆಕೆಯಲ್ಲಿ ಭದ್ರವಾಗಿದೆ. ಎಚ್ಚರಗೊಂಡ ಮೇಲೆ ಮನಸ್ಸು ಕಲಕಿದರೆ ಗುರುಗಳ ಮುಂದೆ ಆಲೋಚನೆ ಮಾಡಿ ಅವರು ಕೊಡುವ ಪ್ರಾಯಶ್ಚಿತ್ತವನ್ನು ಪಡೆಯಬಹುದು. ಆಲೋಚನೆ, ಪ್ರತಿಕ್ರಮಣಗಳಿಂದ ಮೊದಲಾದ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳು ಇರುವುದೇ ಇದಕ್ಕಾಗಿ.

ಹಾಗೆಂದು ಮಗಳು ಕೇಳಿದುದು ತಪ್ಪೆಂದು ಯಾರೂ ಹೇಳಲಾರರು. ಕೇಳಲೇಬೇಕು. ಕೆಲವು ರೋಗಿಗಳಿಗೆ ಹಗಲು ಹೊತ್ತಿನಲ್ಲಿಯೇ ಕೆಲವು ಬಾರಿ ಆಹಾರ ಕೊಟ್ಟು ರಾತ್ರಿ ವಿರಾಮವಿಡುವುದು ಸಾಧ್ಯ. ಇನ್ನು ಕೆಲವರಿಗೆ ಒಮ್ಮೆಗೇ ಹೆಚ್ಚು ಕೊಟ್ಟರೆ ವಾಂತಿಭೇದಿಗಳಾಗುವುದರಿಂದ ಎಡೆಬಿಡದೆ ಹನಿಸುವುದೇ ಲೇಸು. ಮಧುಮೇಹಕ್ಕೆ ಇನ್ಸುಲಿನ್ ಹರಿಯುತ್ತಿರುವಾಗ ಆಹಾರವನ್ನು ಹಠಾತ್ತನೆ ನಿಲ್ಲಿಸಿದರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ಇದನ್ನು ನಿರ್ಣಯಿಸಬೇಕಾದವರು ವೈದ್ಯರು. ಕೇಳಿ, ಉತ್ತರವನ್ನು ಪಡೆದು, ಅದಕ್ಕೆ ಒಪ್ಪುವುದು ಮನೆಯವರ ಕರ್ತವ್ಯ. ದಾದಿಯ ಕಣ್ಣು ತಪ್ಪಿಸಿ ಪಂಪನ್ನು ನಿಲ್ಲಿಸುವಂಥ ಕೆಲಸವನ್ನು ಯಾವ ವ್ರತವೂ ಬೇಡುವುದಿಲ್ಲ.

ವ್ರತಕ್ಕೂ ರೋಗಿಯ ಆಹಾರಕ್ಕೂ ಘರ್ಷಣೆಯಾದಾಗ ಏನು ಮಾಡಬೇಕೆಂಬ ಪ್ರಶ್ನೆಯು ಇಂದಿನದಲ್ಲ. ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿದ ಸಮಂತಭದ್ರಾಚಾರ್ಯರ ಬಾಳಿನಲ್ಲಿಯೇ ಅದು ಎದುರಾಯಿತೆಂದು ಪರಂಪರೆ ಹೇಳುತ್ತದೆ. ಅವರಿಗೆ ಭಸ್ಮಕವೆಂಬ ರೋಗ ಬಂದಿತು. ತಿಂದುದೆಲ್ಲ ಬೂದಿಯಾಗುವ, ಎಷ್ಟು ಉಂಡರೂ ತಣಿಯದ ಹಸಿವು ಅದು. ದಿನಕ್ಕೊಮ್ಮೆ ನಿಂತು ಪಾಣಿಪಾತ್ರದಲ್ಲಿ ಉಣ್ಣುವ ದಿಗಂಬರ ಮುನಿಗೆ ಅಂಥ ರೋಗವನ್ನು ಶಮನಗೊಳಿಸುವುದು ಹೇಗೆ ಸಾಧ್ಯ? ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಅವರಿಂದ ಧರ್ಮಪ್ರಭಾವನೆಯಾಗಬೇಕಾಗಿದೆಯೆಂದೂ, ರೋಗವು ಆಹಾರದಿಂದ ಗುಣವಾಗುವಂಥದೆಂದೂ ಬಗೆದು, ದೀಕ್ಷೆಯನ್ನು ತಾತ್ಕಾಲಿಕವಾಗಿ ಇಳಿಸಿಟ್ಟು ರೋಗವನ್ನು ತಣಿಸಿಕೊಂಡು ಬರುವಂತೆ ಅಪ್ಪಣೆಯಿತ್ತರು. ದೇವಚಂದ್ರನ ರಾಜಾವಳಿಕಥೆಯಂತೆ ಅವರು ಕಾಂಚಿಗೆ ಹೋದರು. ಬೇರೆ ಕಥೆಗಳಲ್ಲಿ ಆ ಊರು ವಾರಾಣಸಿ. ಅಲ್ಲಿ ರಾಜ ಶಿವಕೋಟಿಯ ದೇವಾಲಯದಲ್ಲಿ ನಿತ್ಯವೂ ಅರ್ಪಿತವಾಗುತ್ತಿದ್ದ ನೈವೇದ್ಯದ ರಾಶಿಯನ್ನು ಉಂಡು ದಿನಗಳೆದರು. ರೋಗ ತಣಿಯುತ್ತ ಬಂದಂತೆ ಅನ್ನ ಉಳಿಯತೊಡಗಿತು, ಗುಟ್ಟು ಬಯಲಾಯಿತು. ರಾಜನ ಮುಂದೆ ಅವರು ಜಿನಸ್ತುತಿಯನ್ನು ಮಾಡಿದಾಗ ಚಂದ್ರಪ್ರಭರ ಬಿಂಬ ಪ್ರಕಟವಾಯಿತೆಂಬುದು ಉಳಿದ ಕಥೆ. ಬಳಿಕ ಅವರು ಮತ್ತೆ ದೀಕ್ಷೆಯನ್ನು ಕೈಗೊಂಡರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ, ಕ್ರಿ.ಶ. ೧೧೨೯ರ ಮಲ್ಲಿಷೇಣ ಪ್ರಶಸ್ತಿಯೂ ಅವರು ಭಸ್ಮಕವನ್ನು ಗೆದ್ದುದನ್ನು ಸ್ಮರಿಸುತ್ತದೆ.

ಈ ಕಥೆಯನ್ನು ಪವಾಡಕ್ಕಾಗಿ ಓದುವವರೇ ಹೆಚ್ಚು. ರೋಗಿಯ ಮನೆಯವರು ಓದಬೇಕಾದುದು ಗುರುಗಳ ಆ ಒಂದು ನಿರಾಕರಣೆಯನ್ನು. ಕೇಳಿದವರು ಸಾಮಾನ್ಯರಲ್ಲ, ಕೇಳಿದುದು ಅತ್ಯುನ್ನತ ವ್ರತ. ಆದರೂ ರೋಗಕ್ಕೆ ಪ್ರತೀಕಾರವಿದೆಯೆಂಬ ಕಾರಣದಿಂದಲೂ ಅನುಮತಿ ದೊರೆಯಲಿಲ್ಲ. ಮುಂದೆ ಅದೇ ಸಮಂತಭದ್ರರು ಸಲ್ಲೇಖನದ ಕಾರಣಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ಎಣಿಸಿ, ಅವು ನಿಷ್ಪ್ರತೀಕಾರವಾಗಿರಬೇಕು, ಅಂದರೆ ಪರಿಹಾರವಿಲ್ಲದವಾಗಿರಬೇಕು ಎಂಬ ಮಾತನ್ನು ಸೇರಿಸಿದ್ದಾರೆ. ಆ ಮಾತಿನ ಹಿಂದೆ ಸ್ವಂತ ಹೊಟ್ಟೆಯ ಉರಿಯನ್ನು ಕಂಡವರ ಅನುಭವವಿದೆಯೆಂದು ಭಾವಿಸುವುದು ಅಸಂಗತವಾಗದು.

ಈಗ ಮಗನ ಮಾತು. "ಇನ್ನೂ ಜಾಸ್ತಿ ಹಾಕ್ರಿ." ಮಮತೆಯ ಈ ಮಾತನ್ನು ಒಂದು ಕಾಲದಲ್ಲಿ ವೈದ್ಯರೂ ಆಡುತ್ತಿದ್ದರು. ರೋಗಿಯು ಕರಗುತ್ತಿದ್ದಾನೆ, ಆದುದರಿಂದ ತುಂಬಿಸಬೇಕು ಎಂಬ ತರ್ಕ ಅವರದು. ಈ ಶತಮಾನದ ಪ್ರಯೋಗಗಳು ಅದನ್ನು ಸಡಿಲಿಸಿದವು. ಬೆಲ್ಜಿಯಂನಲ್ಲಿ ೪,೬೪೦ ರೋಗಿಗಳ ಮೇಲೆ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಳಿಗೆಯಿಂದ ಸಾಲದ ಆಹಾರವನ್ನು ಮೊದಲ ದಿನಗಳಲ್ಲಿಯೇ ರಕ್ತನಾಳದ ಮೂಲಕ ತುಂಬಿಸಿದವರಿಗಿಂತ, ಒಂದು ವಾರ ಕಾದವರು ಬೇಗ ಚೇತರಿಸಿಕೊಂಡರು, ಸೋಂಕುಗಳೂ ಕಡಿಮೆಯಾದವು. ಅಮೆರಿಕದ ೨೦೧೨ರ ಅಧ್ಯಯನವೊಂದರಲ್ಲಿ ಶ್ವಾಸಕೋಶದ ತೀವ್ರ ಹಾನಿಯಾದ ೧,೦೦೦ ರೋಗಿಗಳ ಪೈಕಿ ಒಂದು ಗುಂಪಿಗೆ ಮೊದಲ ಆರು ದಿನ ಅತ್ಯಲ್ಪ ಆಹಾರ, ಇನ್ನೊಂದಕ್ಕೆ ಪೂರ್ಣ ಆಹಾರ ಕೊಟ್ಟರು. ವೆಂಟಿಲೇಟರಿನಿಂದ ಬಿಡುಗಡೆಯಲ್ಲಿಯೂ ಮರಣದಲ್ಲಿಯೂ ಭೇದ ಕಾಣಲಿಲ್ಲ, ವಾಂತಿ ಮಾತ್ರ ಅಲ್ಪಾಹಾರದವರಲ್ಲಿ ಕಡಿಮೆಯಿತ್ತು. ೨೦೧೫ರ ಇನ್ನೊಂದು ಅಧ್ಯಯನದಲ್ಲಿಯೂ ಅಗತ್ಯದ ಅರ್ಧದಷ್ಟು ಕ್ಯಾಲೊರಿ ಪಡೆದವರು ಪೂರ್ಣ ಪಡೆದವರಿಗಿಂತ ಹಿಂದೆ ಬೀಳಲಿಲ್ಲ. ಈಗ ಮೊದಲ ವಾರದಲ್ಲಿ ಸ್ವಲ್ಪದಿಂದ ಆರಂಭಿಸಿ, ರೋಗದ ಬಿರುಸು ಇಳಿದಂತೆ ಏರಿಸುತ್ತಾರೆ. ಚೇತರಿಕೆಯ ಕಾಲದಲ್ಲಿ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೨೫ ಕ್ಯಾಲೊರಿಯ ಆಸುಪಾಸು ಸಾಮಾನ್ಯ ಗುರಿ. ಪ್ರೋಟೀನು ಒಂದು ಗ್ರಾಮಿಗಿಂತ ತುಸು ಹೆಚ್ಚು. ನಿದ್ರೆಗೆಂದು ಕೊಡುವ ಹಾಲಿನ ಬಣ್ಣದ ಪ್ರೊಪೊಫಾಲ್ ಔಷಧವೂ ಎಣ್ಣೆಯಲ್ಲಿ ಕಲಸಿದುದಾದುದರಿಂದ ಒಂದು ಮಿಲಿಲೀಟರಿಗೆ ೧.೧ ಕ್ಯಾಲೊರಿಯನ್ನು ಕೊಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದರೆ ಎಣಿಕೆಯ ಸೂಕ್ಷ್ಮತೆ ತಿಳಿದೀತು.

ಇದನ್ನು ಓದಿದೊಡನೆ, ನಮ್ಮ ಅವಮೌದರ್ಯ ತಪವನ್ನು ವಿಜ್ಞಾನವೂ ಒಪ್ಪಿತೆಂದು ಹಿಗ್ಗುವವರು ಇರಬಹುದು. ಹಿಗ್ಗಬೇಕಾದುದಿಲ್ಲ. ಅವಮೌದರ್ಯವು ಇಂದ್ರಿಯಜಯಕ್ಕಾಗಿ ಎಚ್ಚರದಲ್ಲಿ ಮಾಡುವ ಬಾಹ್ಯತಪ. ವೈದ್ಯರ ಮಿತಾಹಾರವು ದೇಹದ ಅರಗಿಸುವ ಶಕ್ತಿಯ ಲೆಕ್ಕ. ಎರಡೂ 'ಹೊಟ್ಟೆಯನ್ನು ತುಂಬಿಸಬೇಡ' ಎಂಬಲ್ಲಿ ಕೂಡುತ್ತವೆ, ಅಷ್ಟೆ.

ಇಲ್ಲಿ ವ್ರತಿಗಳ ಮನೆಗಳಿಗೆ ಅತ್ಯಂತ ಮುಖ್ಯವಾದ, ಆದರೆ ಹೆಚ್ಚಿನವರಿಗೆ ತಿಳಿಯದಿರುವ ಒಂದು ವಿಷಯ ಬರುತ್ತದೆ. ದೀರ್ಘಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ, ವಿಶೇಷವಾಗಿ ಸಕ್ಕರೆ ಗಂಜಿಗಳು, ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಜೀವಕೋಶಗಳೊಳಗೆ ಸೆಳೆಯಲ್ಪಡುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಬಡಿತ ತಪ್ಪಬಹುದು, ಉಸಿರಾಟದ ಸ್ನಾಯುಗಳು ಸೋಲಬಹುದು. ಬಿ೧ ಜೀವಸತ್ತ್ವ ಮೊದಲೇ ಬರಿದಾಗಿದ್ದರೆ ಮಿದುಳಿಗೂ ಹಾನಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದವರಲ್ಲಿ ಅನೇಕರು ಅನ್ನ ಸಿಕ್ಕಿದ ಮೇಲೆಯೇ ಸತ್ತರು. ಐದು ದಿನಗಳಿಗಿಂತ ಹೆಚ್ಚು ಕಾಲ ಬಹುಮಟ್ಟಿಗೆ ಏನನ್ನೂ ತಿನ್ನದವರಿಗೆ ಈ ಅಪಾಯವಿದೆಯೆಂದೂ, ಹತ್ತು ದಿನ ಮೀರಿದವರಿಗೆ ಅದು ಹೆಚ್ಚೆಂದೂ ವೈದ್ಯರು ಎಣಿಸುತ್ತಾರೆ. ಅಂಥವರಿಗೆ ತೂಕದ ಕಿಲೋಗ್ರಾಮಿಗೆ ಹತ್ತು ಕ್ಯಾಲೊರಿಯಷ್ಟರಿಂದ ಮೊದಲುಮಾಡಿ, ಬಿ೧ ಕೊಟ್ಟು, ರಕ್ತಪರೀಕ್ಷೆ ಮಾಡುತ್ತ ಮೆಲ್ಲನೆ ಏರಿಸುತ್ತಾರೆ.

ಹೀಗಿರುವಾಗ, ಪರ್ವದ ಉಪವಾಸದಲ್ಲಿಯೋ ಅದು ಮುಗಿದ ಕೂಡಲೆಯೋ ಯಾರಾದರೂ ಕುಸಿದು ಆಸ್ಪತ್ರೆ ಸೇರಿದರೆ ಮನೆಯವರು ಬಾಗಿಲಲ್ಲಿಯೇ ಹೇಳಬೇಕಾದ ಮೊದಲ ಮಾತು: "ಇವರು ಇಷ್ಟು ದಿನ ಉಪವಾಸ ಇದ್ದರು, ಕೊನೆಯ ಆಹಾರ ಇಂಥ ದಿನ, ನೀರು ಇಷ್ಟು." ವೈದ್ಯರು ಬೈದಾರೆಂಬ ಅಂಜಿಕೆಯಿಂದಲೋ, ತಪಸ್ಸನ್ನು ಹೇಳಿಕೊಳ್ಳಬಾರದೆಂಬ ವಿನಯದಿಂದಲೋ ಇದನ್ನು ಮುಚ್ಚಿಡುವುದುಂಟು. ಮುಚ್ಚಿಟ್ಟರೆ ತುರ್ತಿನಲ್ಲಿ ಹಾಕಿದ ಗ್ಲೂಕೋಸ್ ಬಾಟಲಿಯೇ ಕೇಡಾದೀತು.

ಪಾರಣೆಯ ವಿಷಯದಲ್ಲಿಯೂ ಒಂದು ಮಾತು. ವೃಷಭಸ್ವಾಮಿಯು ವರ್ಷಕ್ಕೂ ಮಿಕ್ಕ ನಿರಾಹಾರದ ಬಳಿಕ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನ ಕೈಯಿಂದ ಕಬ್ಬಿನ ರಸದ ಪಾರಣೆ ಮಾಡಿದ ಪ್ರಸಂಗವನ್ನು ಅಕ್ಷಯತೃತೀಯೆಯಂದು ಎಲ್ಲ ಬಸದಿಗಳಲ್ಲಿಯೂ ಸ್ಮರಿಸುತ್ತಾರೆ. ಅದನ್ನು ಅನುಸರಿಸುವ ಭಕ್ತಿಯಿಂದ ಹತ್ತು ದಿನದ ಉಪವಾಸಿಗೆ ತಂಬಿಗೆ ತುಂಬ ಕಬ್ಬಿನ ಹಾಲನ್ನು ಕುಡಿಸುವ ಮನೆಗಳಿದ್ದಲ್ಲಿ, ತೀರ್ಥಂಕರರದು ವಜ್ರವೃಷಭನಾರಾಚ ಸಂಹನನದ ದೇಹವಾಗಿತ್ತೆಂಬುದನ್ನು ನೆನೆಯಬೇಕು. ಈ ಪಂಚಮಕಾಲದ ದೇಹಕ್ಕೆ ತೆಳುವಾದ ಹೆಸರುಬೇಳೆಯ ಕಟ್ಟು, ತುಸು ಹಾಲು, ಅದೂ ಸ್ವಲ್ಪ ಸ್ವಲ್ಪವಾಗಿ, ಸಾಕು.

ದ್ರವಾಹಾರದಲ್ಲಿ ಏನಿರುತ್ತದೆಂಬುದನ್ನೂ ಶ್ರಾವಕರು ಕೇಳಿ ತಿಳಿಯತಕ್ಕದ್ದು. ಹೆಚ್ಚಿನ ಪುಡಿಗಳಲ್ಲಿ ಪ್ರೋಟೀನು ಹಾಲಿನದೋ ಸೋಯಾದ್ದೋ ಆಗಿರುತ್ತದೆ. ಆದರೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪ್ರೋಟೀನಿಗಾಗಿ ಮೊಟ್ಟೆಯ ಬಿಳಿಭಾಗ ಬೆರೆಸುವ ರೂಢಿಯೂ ಉಂಟು. ಸೇರಿಸಿದ ದಿನವೇ ಡಯೆಟಿಷಿಯನ್ನರಿಗೆ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಬೇಡವೆಂದು ಬರೆಸಬೇಕು. ಇದನ್ನು ಅವರು ಸಾಮಾನ್ಯವಾಗಿ ತೊಂದರೆಯಿಲ್ಲದೆ ನಡೆಸಿಕೊಡುತ್ತಾರೆ. ರಕ್ತನಾಳದ ಮೂಲಕ ಕೊಡುವ ಕೊಬ್ಬಿನ ದ್ರಾವಣದ ವಿಷಯ ಇಷ್ಟು ಸುಲಭವಲ್ಲ. ಅದರಲ್ಲಿ ಸೋಯಾ ಎಣ್ಣೆಯನ್ನು ಹಿಡಿದಿಡುವುದಕ್ಕೆ ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಇರುತ್ತದೆ; ಕೆಲವು ಹೊಸ ದ್ರಾವಣಗಳಲ್ಲಿ ಮೀನೆಣ್ಣೆಯೂ ಉಂಟು. ಮೇಲೆ ಹೇಳಿದ ಪ್ರೊಪೊಫಾಲಿನಲ್ಲಿಯೂ ಅದೇ ಲೆಸಿಥಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನದು. ಬದಲಿ ಇದೆಯೇ ಎಂದು ಕೇಳುವುದು ನ್ಯಾಯ, ಕೆಲವಕ್ಕೆ ಇದೆ. ಬದಲಿಯಿಲ್ಲದ ತುರ್ತಿನಲ್ಲಿ ಪ್ರಾಣದ ಮುಂದೆ ಚರ್ಚೆಗೆ ನಿಲ್ಲುವುದು ಅಹಿಂಸೆಯ ರಕ್ಷಣೆಯಾಗದು. ಅಲ್ಲಿಯೂ ಬೆರೆತ ದೋಷವನ್ನು ಬಳಿಕ ಗುರುಗಳ ಮುಂದೆ ನಿವೇದಿಸಿಕೊಳ್ಳುವುದೇ ದಾರಿ.

ಮನೆಯಿಂದ ರಾಗಿಗಂಜಿ, ಬೇಳೆಕಟ್ಟು ಸೋಸಿ ತರಲು ವೈದ್ಯರು ಒಪ್ಪಿದರೆ, ನಮ್ಮ ಮನೆಗಳಿಗೆ ಕಾಲಮರ್ಯಾದೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಸೋಸಿದ ನೀರಿಗೆ ೪೮ ನಿಮಿಷ, ಕುದಿಸಿದುದಕ್ಕೆ ೨೪ ಗಂಟೆಯೆಂದು ಎಣಿಸಿ ಬಳಸುವವರಿಗೆ, ಅರೆದು ಸೋಸಿದ ಮನೆಯ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ತೂಗುಹಾಕಬಾರದೆಂಬ ಆಸ್ಪತ್ರೆಯ ನಿಯಮ ಕೂಡಲೇ ಅರ್ಥವಾಗುತ್ತದೆ.

ಸೇವೆಯೆಂದರೆ ಆಹಾರ ತರುವುದಷ್ಟೇ ಅಲ್ಲ. ಆಭ್ಯಂತರ ತಪಗಳಲ್ಲೊಂದಾದ ವೈಯಾವೃತ್ಯವನ್ನು ಹೇಳುವಲ್ಲಿ ಸೂತ್ರಕಾರರು ಸೇವೆಗೆ ಯೋಗ್ಯರಾದ ಹತ್ತು ಮಂದಿಯನ್ನು ಎಣಿಸಿ, ಅವರಲ್ಲಿ ಗ್ಲಾನನನ್ನು, ಅಂದರೆ ರೋಗದಿಂದ ಬಳಲಿದವನನ್ನು, ಸೇರಿಸಿದ್ದಾರೆ. ಸಾಧುಗಳಿಗೆ ಹೇಳಿದ ಈ ಮಾತಿನ ನೆರಳು ಗೃಹಸ್ಥನ ಮೇಲೂ ಬೀಳುತ್ತದೆ. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನ ಮನೆಗೆ ದೇವನೊಬ್ಬನು ಕುಷ್ಠರೋಗಿಯಾದ ಮುನಿಯ ವೇಷದಿಂದ ಬಂದು, ಇಕ್ಕಿದುದನ್ನೆಲ್ಲ ಉಂಡು, ವಾಂತಿ ಮಾಡಿದನು. ಪರಿಜನರು ದುರ್ಗಂಧ ತಾಳದ ಓಡಿದರು. ರಾಜನೂ ರಾಣಿಯೂ ತಮ್ಮ ಕೈಯಿಂದ ತೊಳೆಯುತ್ತಿರಲು ಅವರ ಮೇಲೆಯೇ ಮತ್ತೆ ವಾಂತಿಯಾಯಿತು. ಆಗ ರಾಜನು ಮುಖ ಸಿಂಡರಿಸಲಿಲ್ಲ. ಅಯ್ಯೋ, ಒಗ್ಗದ ಆಹಾರವನ್ನು ತಾನೇ ಇಕ್ಕಿದೆನಲ್ಲಾ ಎಂದು ತನ್ನನ್ನೇ ನಿಂದಿಸಿಕೊಂಡನು. ಐ.ಸಿ.ಯು.ವಿನಲ್ಲಿ ಈ ಕೆಲಸವನ್ನು ದಿನಕ್ಕೆ ಹತ್ತು ಬಾರಿ ಮಾಡುವ ದಾದಿಯರಿಗೆ ಮನೆಯವರು ಗದರುವುದನ್ನು ಕಂಡಾಗ ಈ ಕಥೆ ಬಸದಿಯಲ್ಲಿ ಕೇಳಿದವರಿಗೆಲ್ಲ ಮರೆತುಹೋಯಿತೇ ಎನ್ನಿಸುತ್ತದೆ.

ಉಳಿದುದು ಕಾಕಾನ ಮಾತು. ಅದು ಮೂರರಲ್ಲಿ ಅತ್ಯಂತ ಭಾರವಾದುದು. ಸಲ್ಲೇಖನವು ವ್ರತ. ವ್ರತವನ್ನು ತೆಗೆದುಕೊಳ್ಳುವವನು ತಾನೇ ತೆಗೆದುಕೊಳ್ಳಬೇಕು. ರತ್ನಕರಂಡಕದಲ್ಲಿ ಹೇಳಿರುವ ಕ್ರಮವನ್ನು ನೋಡಿದರೆ ಇದು ಸ್ಪಷ್ಟ: ಸ್ನೇಹ ವೈರಗಳನ್ನು ಬಿಡಬೇಕು, ಕ್ಷಮೆ ಬೇಡಿ ಕ್ಷಮಿಸಬೇಕು, ಮಾಡಿದ ಪಾಪಗಳನ್ನು ಕಪಟವಿಲ್ಲದೆ ಆಲೋಚಿಸಬೇಕು, ಅನಂತರವೇ ಘನಾಹಾರವನ್ನು ಬಿಟ್ಟು ಹಾಲು ಮೊದಲಾದವುಗಳಿಗೂ, ಅವನ್ನು ಬಿಟ್ಟು ಕಾಂಜಿ ಬಿಸಿನೀರಿಗೂ, ಕೊನೆಗೆ ಶಕ್ತಿಯಿದ್ದಷ್ಟು ಉಪವಾಸಕ್ಕೂ ಬಂದು, ಪಂಚನಮಸ್ಕಾರದಲ್ಲಿ ಮನವಿಟ್ಟು ದೇಹವನ್ನು ಬಿಡಬೇಕು. ಇದರಲ್ಲಿ ಒಂದು ಮೆಟ್ಟಿಲನ್ನಾದರೂ ಪ್ರಜ್ಞೆಯಿಲ್ಲದವನು ಹತ್ತಬಲ್ಲನೇ? ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಕೈಗೊಂಡುದು ಕಣ್ಣಿನ ದೃಷ್ಟಿ ಕುಂದಿ, ಈರ್ಯಾಸಮಿತಿಯನ್ನು ಪಾಲಿಸಲಾಗದ ಸ್ಥಿತಿ ಬಂದಾಗ. ಮೂವತ್ತಾರು ದಿನ ಸಂಘದ ನಡುವೆ, ಎಚ್ಚರದಲ್ಲಿಯೇ ಇದ್ದು, ಸೆಪ್ಟೆಂಬರ್ ೧೮ರಂದು ಅವರು ದೇಹವಿಟ್ಟರು.

ಬಂಧುಗಳು ನಳಿಗೆ ತೆಗೆಸಿ ಅದಕ್ಕೆ ಸಲ್ಲೇಖನವೆಂದು ಹೆಸರಿಟ್ಟರೆ, ಅದು ಮಾಡದ ವ್ರತವನ್ನು ಮಾಡಿದರೆಂದು ಹೇಳಿದಂತೆ. ಈ ವ್ರತದ ಐದು ಅತಿಚಾರಗಳಲ್ಲಿ ಬದುಕಬೇಕೆಂಬ ಬಯಕೆಯ ಪಕ್ಕದಲ್ಲಿಯೇ ಸಾಯಬೇಕೆಂಬ ಬಯಕೆಯನ್ನೂ ಇಟ್ಟಿದ್ದಾರೆ. ವ್ರತಿಗೇ ಮರಣದ ಆತುರ ಸಲ್ಲದೆಂದ ಮೇಲೆ, ಇನ್ನೊಬ್ಬರಿಗಾಗಿ ಆತುರಪಡುವುದಕ್ಕೆ ಎಡೆಯೆಲ್ಲಿ? ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ಸಮಾಜವೆಲ್ಲ ಬೀದಿಗಿಳಿಯಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಅಂದು ಸಮಾಜವು ಮುಂದಿಟ್ಟ ವಾದವೇ ಇದಾಗಿತ್ತು: ಸಲ್ಲೇಖನವು ಬಲವಂತವಲ್ಲ, ಆವೇಗವಲ್ಲ, ಅರಿತವನ ಸ್ವಂತ ನಿರ್ಣಯ. ಆ ವಾದ ಐ.ಸಿ.ಯು.ವಿನ ಬಾಗಿಲಲ್ಲಿಯೂ ನಿಲ್ಲಬೇಕು.

ಹಾಗಾದರೆ ಚಿಕಿತ್ಸೆಯನ್ನು ಕೊನೆಯಿಲ್ಲದೆ ಎಳೆಯಬೇಕೇ? ಇಲ್ಲ. ರೋಗವು ನಿಷ್ಪ್ರತೀಕಾರವೆಂದು ವೈದ್ಯರು ನಿಶ್ಚಯಿಸಿದ ಬಳಿಕ ಯಂತ್ರಗಳಿಂದ ಮರಣವನ್ನು ಹಿಂದಕ್ಕೆ ತಳ್ಳುತ್ತ ಕೂರುವುದು ಜೀವಿತಾಶಂಸೆಯ ಇನ್ನೊಂದು ರೂಪ. ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮಾರ್ಚ್ ೯ರಂದು, ಆರೋಗ್ಯದಲ್ಲಿರುವಾಗಲೇ ಇಂಥ ಸ್ಥಿತಿಗಾಗಿ ಬರಹದಲ್ಲಿ ಮುನ್ಸೂಚನೆ ಕೊಟ್ಟಿರುವುದನ್ನು ಮಾನ್ಯ ಮಾಡಿತು. ೨೦೨೩ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು ೨೦೨೫ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ವ್ರತಸ್ಥರಾದ ಹಿರಿಯರು ತಮ್ಮ ನಿಯಮಗಳನ್ನೂ, ಯಾವ ಚಿಕಿತ್ಸೆ ಎಲ್ಲಿಯವರೆಗೆ ಎಂಬುದನ್ನೂ, ಯಾವುದು ಯಮ, ಯಾವುದು ಕಾಲಮಿತಿಯ ನಿಯಮ ಎಂಬುದನ್ನೂ ಸ್ವಸ್ಥರಾಗಿರುವಾಗಲೇ ಮಕ್ಕಳ ಮುಂದೆ ಬರೆಯಿಸಿಟ್ಟರೆ, ಬಾಗಿಲಲ್ಲಿ ಕುಳಿತ ಮೂವರು ಮೂರು ಮಾತಾಡುವ ಪ್ರಸಂಗ ಬರುವುದಿಲ್ಲ. ಹೊಸ ನಿಯಮವನ್ನು ಹಿಡಿಯುವಾಗಲೇ ರೋಗಕಾಲದ ಮಾತನ್ನು ಗುರುಗಳೊಡನೆ ಎತ್ತುವುದಕ್ಕೂ ಸಂಕೋಚ ಬೇಡ.

ದೃಷ್ಟಾಂತದ ಆ ತಾಯಿಗೆ ನ್ಯುಮೋನಿಯಾ. ಅದಕ್ಕೆ ಪ್ರತೀಕಾರವಿತ್ತು. ಪಂಪು ರಾತ್ರಿಯೂ ನಡೆಯಿತು. ಮಗಳು ಹೊರಗೆ ಣಮೋಕಾರವನ್ನು ಜಪಿಸುತ್ತ ಕುಳಿತಳು. ಮಗನು ಇನ್ನಷ್ಟು ಹಾಕಿರೆನ್ನುವುದನ್ನು ಬಿಟ್ಟನು. ಹನ್ನೊಂದನೆಯ ದಿನ ಗಂಟಲಿನ ಕೊಳವೆಯನ್ನು ತೆಗೆದರು. ಕೊಳವೆಯಿದ್ದ ಗಂಟಲು ನುಂಗುವುದನ್ನು ಮರೆತಿರಬಹುದಾದುದರಿಂದ ಕೂಡಲೇ ಬಾಯಿಗೆ ಏನನ್ನೂ ಕೊಡಲಿಲ್ಲ. ಎರಡು ದಿನ ಕಳೆದು, ಪರೀಕ್ಷಿಸಿ, ಒಂದು ಚಮಚ ನೀರಿಗೆ ಒಪ್ಪಿಗೆ ಸಿಕ್ಕಿತು. ಮಗಳು ಕಾಯಿಸಿ ಆರಿಸಿದ ನೀರನ್ನು ತಂದು ಚಮಚವನ್ನು ತುಟಿಯ ಬಳಿ ಹಿಡಿದಳು. ಆ ಕೋಣೆಗೆ ಕಿಟಕಿಯಿರಲಿಲ್ಲ. ತಾಯಿಯು ತುಟಿ ಬಿಗಿದು, ಒಡಕು ದನಿಯಲ್ಲಿ ಕೇಳಿದಳು: "ಹೊತ್ತು ಮುಳುಗೇತೇನವ್ವಾ?"

ಮಗಳು ಗೋಡೆಯ ಗಡಿಯಾರವನ್ನು ನೋಡಿ, "ಇನ್ನೂ ಐದೂ ಆಗಿಲ್ಲ, ಅವ್ವಾ" ಎಂದಳು. ತಾಯಿಯು ಬಾಯಿ ತೆರೆದಳು.